ಊರಲ್ಲೇ ಉಳಿದವರ ಉಯಿಲುಗಳು: ವಲಸೆಗಾರನ ಕುಟುಂಬವನ್ನು ಪ್ರೊಬೇಟ್ ದಾಖಲೆಗಳಲ್ಲಿ ಹುಡುಕುವ ಬಗೆ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತನ್ನ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಯಾರ ಮಗ, ಇಂಗ್ಲೆಂಡಿನ ಯಾವ ಊರಿನವನು ಎಂಬುದು ಅವನು ತೀರಿಕೊಂಡು ಸುಮಾರು 250 ವರ್ಷಗಳಾದರೂ ಯಾರಿಗೂ ತಿಳಿದಿರಲಿಲ್ಲ. ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಕರಾವಳಿಯ ಇಂಗ್ಲಿಷ್ ವಸಾಹತುಗಳ, ಮೊದಲ ವಲಸೆಗಾರರ ವಂಶಾವಳಿಗಳನ್ನು ಕಲೆಹಾಕಿದ ಜೇಮ್ಸ್ ಸ್ಯಾವೇಜ್ ಅವರು 1842ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಈ ಮನುಷ್ಯನ ಬಗ್ಗೆ ಐದೇ ಐದು ಸಾಲು ಸಿಕ್ಕಿದರೂ 500 ಡಾಲರ್ ಕೊಡಲು ಸಿದ್ಧರಿದ್ದರು. ಆ ಐದು ಸಾಲು ಅವರಿಗೆ ದೊರೆಯಲಿಲ್ಲ. ಮುಂದೆ 1885ರಲ್ಲಿ ಹೆನ್ರಿ ವಾಟರ್ಸ್ ಎಂಬ ಇನ್ನೊಬ್ಬ ಅಮೆರಿಕನ್ ಸಂಶೋಧಕರು ಜಾನ್ ಹಾರ್ವರ್ಡ್‌ನ ತಂದೆ, ತಾಯಿ, ಇಬ್ಬರು ಮಲತಂದೆಯರು, ತಮ್ಮ ಎಲ್ಲರನ್ನೂ ಗುರುತಿಸಿ ಪ್ರಕಟಿಸಿದರು. ಅವರು ಬಳಸಿದ ಮುಖ್ಯ ಸಾಮಗ್ರಿ ಲಂಡನ್ನಿನ ಸಾಮರ್ಸೆಟ್ ಹೌಸ್‌ನಲ್ಲಿದ್ದ ಹಳೆಯ ಉಯಿಲುಗಳ ನಕಲು ಪುಸ್ತಕಗಳು. ಸಮುದ್ರ ದಾಟಿ ಹೋಗಿ ವಸಾಹತಿನಲ್ಲಿ ನೆಲೆಸಿದ ಒಬ್ಬ ವ್ಯಕ್ತಿಯ ಕುಟುಂಬವನ್ನು ಉಯಿಲುಗಳ ಮೂಲಕ ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವಲಸೆಗಾರನ ಗುರುತು ಅವನ ಸ್ವಂತ ಕಾಗದಪತ್ರಗಳಿಗಿಂತ ಊರಲ್ಲೇ ಉಳಿದವರ ಕಾಗದಪತ್ರಗಳಲ್ಲಿ ಹೆಚ್ಚು ಸಿಗುತ್ತದೆ ಎಂಬ ಮಾತು ಈ ಪ್ರಕರಣದಲ್ಲಿ ನಿಚ್ಚಳವಾಗಿ ಕಾಣುತ್ತದೆ.

ವಾಟರ್ಸ್ ಅವರ ಮುಂದಿದ್ದ ತೊಡಕು ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಮೊದಲು ನೋಡೋಣ. ಜಾನ್ ಹಾರ್ವರ್ಡ್ 1637ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದು ಚಾರ್ಲ್ಸ್‌ಟೌನ್‌ನಲ್ಲಿ ನೆಲೆಸಿದ, ಅಲ್ಲಿನ ಚರ್ಚಿನಲ್ಲಿ ಬೋಧಕನಾದ, 1638ರ ಸೆಪ್ಟೆಂಬರ್ 14ರಂದು ಕ್ಷಯದಿಂದ ತೀರಿಕೊಂಡ. ವಸಾಹತಿನಲ್ಲಿ ಅವನು ಬದುಕಿದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಮಕ್ಕಳಿರಲಿಲ್ಲ. ಬರೆದಿಟ್ಟ ಉಯಿಲೂ ಇರಲಿಲ್ಲ. ತನ್ನ ಆಸ್ತಿಯ ಅರ್ಧ ಭಾಗ ಮತ್ತು ಸುಮಾರು 400 ಸಂಪುಟಗಳ ಗ್ರಂಥಭಂಡಾರ ಹೊಸದಾಗಿ ಆರಂಭವಾಗುತ್ತಿದ್ದ ಕಾಲೇಜಿಗೆ ಸೇರಬೇಕೆಂದು ಅವನು ಹಾಸಿಗೆ ಹಿಡಿದಿದ್ದಾಗ ಹೆಂಡತಿಗೆ ಬಾಯಿಮಾತಿನಲ್ಲಿ ತಿಳಿಸಿದ್ದ. ಆ ಅರ್ಧ ಭಾಗದ ಬೆಲೆ ಸುಮಾರು 780 ಪೌಂಡ್. ಕಾಲೇಜು ಸ್ಥಾಪಿಸಲು 1636ರಲ್ಲಿ ವಸಾಹತಿನ ಸಭೆಯೇ ಮಂಜೂರು ಮಾಡಿದ್ದು 400 ಪೌಂಡ್ ಎಂಬುದನ್ನು ನೆನೆದರೆ ಈ ದಾನ ಎಷ್ಟು ಹಿರಿದೆಂಬುದು ತಿಳಿಯುತ್ತದೆ. ಕೃತಜ್ಞತೆಯಿಂದ 1639ರ ಮಾರ್ಚ್‌ನಲ್ಲಿ ಕಾಲೇಜಿಗೆ ಅವನ ಹೆಸರಿಟ್ಟರು. ಮೂವತ್ತು ವರ್ಷದ, ಆಗಷ್ಟೇ ಓದು ಮುಗಿಸಿದ್ದ ಒಬ್ಬ ಪಾದ್ರಿಯ ಕೈಗೆ ಅಷ್ಟು ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಯಾರಲ್ಲೂ ಉತ್ತರವಿರಲಿಲ್ಲ.

ಇಂಗ್ಲೆಂಡಿನ ಕಡೆಯಲ್ಲಿ ಇದ್ದ ಒಂದೇ ಗಟ್ಟಿ ಸುಳಿವೆಂದರೆ ಕೇಂಬ್ರಿಡ್ಜ್. ಅವನು 1627ರ ಡಿಸೆಂಬರ್‌ನಲ್ಲಿ ಅಲ್ಲಿನ ಎಮ್ಯಾನ್ಯುಯೆಲ್ ಕಾಲೇಜಿಗೆ ಸೇರಿದ್ದ, 1632 ಮತ್ತು 1635ರಲ್ಲಿ ಪದವಿಗಳನ್ನು ಪಡೆದಿದ್ದ, ಆ ಸಂದರ್ಭಗಳಲ್ಲಿ ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಸಹಿ ಹಾಕಿದ್ದ. ಆದರೆ ಕಾಲೇಜಿನ ದಾಖಲೆ ಅವನನ್ನು ಮಿಡ್ಲ್‌ಸೆಕ್ಸ್ ಕೌಂಟಿಯವನೆಂದು ನಮೂದಿಸಿತ್ತು. ಅವನು ನಿಜವಾಗಿ ಹುಟ್ಟಿದ್ದು ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್‌ನಲ್ಲಿ, ಅಂದರೆ ಸರೇ ಕೌಂಟಿಯಲ್ಲಿ. ಆ ಒಂದು ನಮೂದನ್ನೇ ನಂಬಿ ಮಿಡ್ಲ್‌ಸೆಕ್ಸ್‌ನ ಚರ್ಚುಗಳ ಪುಸ್ತಕಗಳನ್ನು ಎಷ್ಟು ತಿರುವಿಹಾಕಿದರೂ ಅವನು ಸಿಗುವಂತಿರಲಿಲ್ಲ.

ಮುಂದಿನ ಕಥೆ ಅರ್ಥವಾಗಬೇಕಾದರೆ ಅಂದಿನ ಇಂಗ್ಲೆಂಡಿನಲ್ಲಿ ಉಯಿಲಿನ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂಬುದು ತಿಳಿದಿರಬೇಕು. ಒಬ್ಬ ವ್ಯಕ್ತಿ ತೀರಿಕೊಂಡ ಮೇಲೆ ಅವನ ಉಯಿಲು ನಿಜವಾದದ್ದೇ ಎಂದು ನ್ಯಾಯಾಲಯ ಪರಿಶೀಲಿಸಿ, ಅದನ್ನು ಜಾರಿಗೆ ತರುವ ಅಧಿಕಾರವನ್ನು ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ ಕೊಡುವ ಕ್ರಮವೇ ಪ್ರೊಬೇಟ್. 1858ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಈ ಕೆಲಸ ಚರ್ಚಿನ ನ್ಯಾಯಾಲಯಗಳದ್ದಾಗಿತ್ತು. ಸಣ್ಣ ಆಸ್ತಿಯಾದರೆ ಸ್ಥಳೀಯ ಧರ್ಮಾಧಿಕಾರಿಯ ನ್ಯಾಯಾಲಯಕ್ಕೆ, ಅದಕ್ಕಿಂತ ವಿಸ್ತಾರವಾದುದಾದರೆ ಬಿಷಪ್ಪರ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಒಂದಕ್ಕಿಂತ ಹೆಚ್ಚು ಬಿಷಪ್ ಪ್ರಾಂತಗಳಲ್ಲಿ ಬೆಲೆಬಾಳುವ ಸ್ವತ್ತು ಇದ್ದವರ ಉಯಿಲು ಆರ್ಚ್‌ಬಿಷಪ್ಪರ ನ್ಯಾಯಾಲಯಕ್ಕೆ ಬರುತ್ತಿತ್ತು. ದೇಶದ ದಕ್ಷಿಣಾರ್ಧಕ್ಕೆ ಕ್ಯಾಂಟರ್ಬರಿಯದು, ಉತ್ತರಕ್ಕೆ ಯಾರ್ಕಿನದು. ಇವುಗಳಲ್ಲಿ ಕ್ಯಾಂಟರ್ಬರಿಯ ನ್ಯಾಯಾಲಯಕ್ಕೆ ಮೇಲುಗೈ ಇತ್ತು. ಇಂಗ್ಲೆಂಡಿನಲ್ಲಿ ಆಸ್ತಿ ಉಳಿಸಿ ಹೊರದೇಶದಲ್ಲಿ ಅಥವಾ ಹಡಗಿನಲ್ಲಿ ಸತ್ತವರ ವ್ಯವಹಾರವೂ ಅಲ್ಲಿಗೇ ಬರುತ್ತಿತ್ತು. ಆದ್ದರಿಂದ ವಸಾಹತುಗಳಿಗೆ ಹೋದವರನ್ನು ಹುಡುಕುವವರು ಮೊದಲು ತೆರೆಯುವುದು ಈ ಕ್ಯಾಂಟರ್ಬರಿ ಪುಸ್ತಕಗಳನ್ನೇ. 1384ರಿಂದ 1858ರವರೆಗಿನ ಹತ್ತು ಲಕ್ಷಕ್ಕೂ ಮೀರಿದ ಉಯಿಲುಗಳ ನಕಲುಗಳು ಅಲ್ಲಿವೆ. ಈಗ ಅವು ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿದ್ದು, ಉಯಿಲು ಬರೆದವರ ಹೆಸರು ಹಾಕಿ ಅಂತರ್ಜಾಲದಲ್ಲೇ ಹುಡುಕಬಹುದು.

ವಾಟರ್ಸ್ ಅವರ ಕಾಲದಲ್ಲಿ ಅಂತಹ ಅನುಕೂಲ ಇರಲಿಲ್ಲ. ಆದರೆ ಅವರ ಗೆಲುವಿಗೆ ಕಾರಣವಾದದ್ದು ಅವರು ಆರಿಸಿಕೊಂಡ ಓದಿನ ಕ್ರಮ, ಮತ್ತು ಆ ಕ್ರಮ ಇಂದಿಗೂ ಹಳತಾಗಿಲ್ಲ. ಬಾಸ್ಟನ್ನಿನ ವಂಶಾವಳಿ ಸಂಘವೊಂದು 1883ರಲ್ಲಿ ಅವರನ್ನು ಲಂಡನ್ನಿಗೆ ಕಳುಹಿಸಿತ್ತು. ಹಾರ್ವರ್ಡ್ ಎಂಬ ಹೆಸರನ್ನಷ್ಟೇ ಸೂಚಿಯಲ್ಲಿ ಹುಡುಕುವ ಬದಲು ಅವರು ಉಯಿಲು ಪುಸ್ತಕಗಳನ್ನು ಪುಟದಿಂದ ಪುಟಕ್ಕೆ ಓದುತ್ತ ಹೋಗಿ, ನ್ಯೂ ಇಂಗ್ಲೆಂಡಿನ ಉಲ್ಲೇಖ ಅಥವಾ ಅಲ್ಲಿಗೆ ಹೋದ ಮನೆತನದ ಹೆಸರು ಬಂದಲ್ಲೆಲ್ಲ ಟಿಪ್ಪಣಿ ಮಾಡಿಕೊಂಡರು. ಸೂಚಿಯಲ್ಲಿ ಉಯಿಲು ಬರೆದವರ ಹೆಸರು ಇರುತ್ತದೆಯೇ ಹೊರತು ಅದರೊಳಗೆ ಬರುವ ಮಗಳು, ಅಳಿಯ, ಸೋದರಳಿಯ, ಸಾಲಗಾರ, ಸಾಕ್ಷಿದಾರರ ಹೆಸರುಗಳು ಇರುವುದಿಲ್ಲ. ವಲಸೆಗಾರ ಕಾಣಿಸಿಕೊಳ್ಳುವುದು ಬಹುಪಾಲು ಆ ಒಳಗಿನ ಹೆಸರುಗಳ ನಡುವೆಯೇ.

ಜಾನ್ ಹಾರ್ವರ್ಡ್‌ನ ತಾಯಿಯನ್ನೇ ನೋಡಿ. ಆಕೆ ಹುಟ್ಟಿನಲ್ಲಿ ಕ್ಯಾಥರೀನ್ ರಾಜರ್ಸ್, ಶೇಕ್ಸ್‌ಪಿಯರನ ಊರಾದ ಸ್ಟ್ರ್ಯಾಟ್‌ಫರ್ಡ್‌ನ ಅನುಕೂಲಸ್ಥ ಮನೆತನದವಳು. ತಂದೆ ಥಾಮಸ್ ರಾಜರ್ಸ್ ಕಟ್ಟಿಸಿದ ಮನೆ 1596ರ ಇಸವಿಯನ್ನು ಹೊತ್ತು ಇಂದಿಗೂ ಆ ಊರಲ್ಲಿ ನಿಂತಿದೆ. ಆಕೆ 1605ರಲ್ಲಿ ಸದರ್ಕ್‌ನ ಮಾಂಸದ ವ್ಯಾಪಾರಿ ರಾಬರ್ಟ್ ಹಾರ್ವರ್ಡ್‌ನನ್ನು ಮದುವೆಯಾದಳು. ಊರಿನ ಚರ್ಚಿನ ಪುಸ್ತಕದಲ್ಲಿ ವರನ ಹೆಸರು ಹಾರ್ವುಡ್ ಎಂಬಂತೆ ದಾಖಲಾಗಿದೆ. 1625ರ ಭೀಕರ ಪ್ಲೇಗಿನಲ್ಲಿ ಗಂಡನೂ ಹಲವು ಮಕ್ಕಳೂ ತೀರಿಕೊಂಡು, ತಾಯಿ ಮತ್ತು ಜಾನ್, ಥಾಮಸ್ ಎಂಬ ಇಬ್ಬರು ಗಂಡುಮಕ್ಕಳು ಮಾತ್ರ ಉಳಿದರು. ಮರುವರ್ಷ ಆಕೆ ಜಾನ್ ಎಲೆಟ್‌ಸನ್ ಎಂಬವನನ್ನು ಮದುವೆಯಾದಳು, ಅವನು ಕೆಲವೇ ತಿಂಗಳಲ್ಲಿ ಸತ್ತ. ಬಳಿಕ ಕೈಹಿಡಿದದ್ದು ದಿನಸಿ ವ್ಯಾಪಾರಿಯೂ ಸದರ್ಕ್‌ನ ಸಂಸತ್ ಸದಸ್ಯನೂ ಆಗಿದ್ದ ರಿಚರ್ಡ್ ಯಾರ್‌ವುಡ್‌ನನ್ನು; ಅವನೂ 1632ರಲ್ಲಿ ತೀರಿಕೊಂಡ. ಆಕೆ 1635ರಲ್ಲಿ ಸಾಯುವಾಗ ಅವಳ ಹೆಸರು ಕ್ಯಾಥರೀನ್ ಯಾರ್‌ವುಡ್. ಒಬ್ಬಳೇ ಹೆಂಗಸು, ನಾಲ್ಕು ಮನೆತನದ ಹೆಸರುಗಳು. ಹಾರ್ವರ್ಡ್ ಎಂಬ ಹೆಸರಿನ ಹಿಂದೆಯೇ ಹೋದವರಿಗೆ ಈಕೆಯ ಉಯಿಲು ಎಂದಿಗೂ ಸಿಗುವಂತಿರಲಿಲ್ಲ, ಆದರೆ ಇಡೀ ಒಗಟನ್ನು ಬಿಡಿಸುವ ಸಾಲು ಇದ್ದದ್ದು ಅಲ್ಲಿಯೇ. ತನ್ನ ಹಿರಿಯ ಮಗ ಜಾನ್ ಹಾರ್ವರ್ಡ್ ಎಂದೂ ಅವನು ಪಾದ್ರಿ ಎಂದೂ ಆಕೆ ಹೇಳಿದ್ದಳು. ಸದರ್ಕ್‌ನ ಹೆದ್ದಾರಿಯಲ್ಲಿದ್ದ ಕ್ವೀನ್ಸ್ ಹೆಡ್ ಎಂಬ ದೊಡ್ಡ ವಸತಿಗೃಹವನ್ನು ಅವನಿಗೆ ಬಿಟ್ಟಿದ್ದಳು.

ಪಾದ್ರಿ ಜಾನ್ ಹಾರ್ವರ್ಡ್ ಎಂಬ ಒಬ್ಬ ಇದ್ದ ಎಂದ ಮಾತ್ರಕ್ಕೆ ಅವನೇ ಅಮೆರಿಕಕ್ಕೆ ಹೋದವನು ಎಂದು ಸಿದ್ಧವಾಗುವುದಿಲ್ಲ. ವಂಶಾವಳಿ ಬರೆಯುವ ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ: ಹೆಸರು ಹೊಂದಿತು, ಕಾಲ ಹೊಂದಿತು, ಆದ್ದರಿಂದ ಮನುಷ್ಯನೂ ಅವನೇ ಎಂದು ತೀರ್ಮಾನಿಸಿಬಿಡುತ್ತಾರೆ. ವಾಟರ್ಸ್ ಇನ್ನೆರಡು ದಾರಿಗಳಿಂದ ಅದೇ ವ್ಯಕ್ತಿಯ ಕಡೆಗೆ ಬಂದರು. ಮೊದಲನೆಯದು ತಮ್ಮ ಥಾಮಸನ ಉಯಿಲು. 1636ರಲ್ಲಿ ಬರೆದ ಆ ಉಯಿಲು ಅಣ್ಣ ಜಾನ್‌ನನ್ನೂ ಸದರ್ಕ್‌ನ ಬೋಧಕ ನಿಕೊಲಸ್ ಮಾರ್ಟನ್‌ನನ್ನೂ ನಿರ್ವಾಹಕರನ್ನಾಗಿ ನೇಮಿಸಿತ್ತು. ಆದರೆ 1637ರ ಮೇ ತಿಂಗಳಿನಲ್ಲಿ ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಿದವನು ಮಾರ್ಟನ್ ಒಬ್ಬನೇ. ಇನ್ನೊಬ್ಬ ನಿರ್ವಾಹಕನಾದ ಜಾನ್ ಬಂದರೆ ಅವನಿಗೂ ಅಧಿಕಾರ ಕೊಡಲಾಗುವುದು ಎಂದು ನ್ಯಾಯಾಲಯ ಅವನ ಹಕ್ಕನ್ನು ಕಾಯ್ದಿರಿಸಿತು. ಏಕೈಕ ಅಣ್ಣ ಲಂಡನ್ನಿನಲ್ಲೇ ಇದ್ದಿದ್ದರೆ ಆ ದಿನ ಬಾರದಿರಲು ಕಾರಣ ಕಾಣದು. ಅದೇ ವರ್ಷದ ಆಗಸ್ಟ್‌ನಲ್ಲಿ ಚಾರ್ಲ್ಸ್‌ಟೌನ್ ಪಟ್ಟಣದ ಪುಸ್ತಕದಲ್ಲಿ ಜಾನ್ ಹಾರ್ವರ್ಡ್ ನಿವಾಸಿಯಾಗಿ ಸೇರಿದ ದಾಖಲೆ ಇದೆ. ಲಂಡನ್ನಿನ ಗೈರುಹಾಜರಿಯೂ ಮ್ಯಾಸಚೂಸೆಟ್ಸ್‌ನ ಹಾಜರಿಯೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಎರಡನೆಯ ದಾರಿ ಇನ್ನೂ ಗಟ್ಟಿಯಾದದ್ದು. ಲಂಡನ್ ಗೋಪುರದ ಬಳಿಯ ಸೇಂಟ್ ಕ್ಯಾಥರೀನ್ ಧರ್ಮಸಂಸ್ಥೆಯು ತನ್ನ ಕೆಲವು ಮನೆಗಳನ್ನು ಪಾದ್ರಿ ಜಾನ್ ಹಾರ್ವರ್ಡ್ ಮತ್ತು ಲಂಡನ್ನಿನ ನಾಗರಿಕನಾಗಿದ್ದ ಥಾಮಸ್ ಹಾರ್ವರ್ಡ್ ಎಂಬ ಅಣ್ಣತಮ್ಮಂದಿರಿಗೆ 1635ರಲ್ಲಿ ಗುತ್ತಿಗೆಗೆ ಕೊಟ್ಟಿತ್ತು. ಆ ಗುತ್ತಿಗೆ ಪತ್ರದ ಮೂಲ ಪ್ರತಿಯಲ್ಲಿ ಇಬ್ಬರ ಸಹಿಯೂ ಇದೆ. ಅಲ್ಲಿನ ಜಾನ್‌ನ ಸಹಿಯನ್ನು ಕೇಂಬ್ರಿಡ್ಜ್ ಪುಸ್ತಕದ ಸಹಿಯ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಕೈಬರಹ ಒಂದೇ ಆಗಿತ್ತು. ಉಯಿಲುಗಳಲ್ಲಿದ್ದ ಸದರ್ಕ್‌ನ ಮಗನೂ ಕೇಂಬ್ರಿಡ್ಜ್‌ನಲ್ಲಿ ಓದಿದ ವಿದ್ಯಾರ್ಥಿಯೂ ಒಬ್ಬನೇ ಎಂಬುದು ಹೀಗೆ ಸ್ಥಿರಪಟ್ಟಿತು. ಸೇಂಟ್ ಸೇವಿಯರ್ ಚರ್ಚಿನಲ್ಲಿ 1607ರ ನವೆಂಬರ್ 29ರಂದು ಅವನಿಗೆ ದೀಕ್ಷಾಸ್ನಾನವಾದ ದಾಖಲೆಯೂ ಸೇರಿ ಸರಪಳಿ ಪೂರ್ತಿಯಾಯಿತು. ಹಣದ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು. ಪ್ಲೇಗಿನಲ್ಲಿ ಸತ್ತ ತಂದೆಯದು, ತಾಯಿಯ ಕೈ ಸೇರಿದ್ದ ಮಲತಂದೆಯರದು, ಕೊನೆಗೆ ತಮ್ಮನದು ಹೀಗೆ ಹನ್ನೆರಡು ವರ್ಷಗಳ ಸಾವುಗಳ ಸರಣಿಯಲ್ಲಿ ಬಂದ ಸೊತ್ತಿನ ಬಹುಭಾಗ ಬದುಕುಳಿದ ಒಬ್ಬನೇ ಮಗನ ಬಳಿ ಕೂಡಿತ್ತು. ಹಾರ್ವರ್ಡ್ ಕಾಲೇಜಿನ ಮೊದಲ ದೊಡ್ಡ ನಿಧಿಯ ಹಿಂದೆ ಸದರ್ಕ್‌ನ ಮಾಂಸದಂಗಡಿ, ದಿನಸಿ ವ್ಯಾಪಾರ ಮತ್ತು ವಸತಿಗೃಹದ ಬಾಡಿಗೆ ಇವೆ. ಬರೀ ಜನನ ಮರಣದ ಪುಸ್ತಕಗಳಿಂದ ಈ ಸಂಗತಿ ಎಂದಿಗೂ ಹೊರಬರುತ್ತಿರಲಿಲ್ಲ.

ಉಯಿಲನ್ನು ಓದುವಾಗ ದಿನಾಂಕಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಉಯಿಲು ಬರೆದ ದಿನ ಆ ವ್ಯಕ್ತಿ ಬದುಕಿದ್ದ, ಅದನ್ನು ರುಜುವಾತು ಮಾಡಿದ ದಿನಕ್ಕೆ ಮೊದಲೇ ಸತ್ತಿದ್ದ. ಸಾವಿನ ದಾಖಲೆ ಇಲ್ಲದಿದ್ದರೂ ಈ ಎರಡು ಗೆರೆಗಳ ನಡುವೆ ಸಾವನ್ನು ನಿಲ್ಲಿಸಬಹುದು. ರಾಬರ್ಟ್ ಹಾರ್ವರ್ಡ್‌ನ ಉಯಿಲು 1625ರ ಜುಲೈ 28ರದು, ರುಜುವಾತಾದದ್ದು ಅದೇ ವರ್ಷದ ಅಕ್ಟೋಬರ್ 6ರಂದು. ನಡುವಿನ ಆಗಸ್ಟ್‌ನಲ್ಲಿ ಅವನನ್ನು ಹೂಳಿದರು. ಆ ದಿನಗಳಲ್ಲಿ ಬಹಳಷ್ಟು ಜನ ಉಯಿಲು ಬರೆಸುತ್ತಿದ್ದದ್ದು ಕಾಯಿಲೆ ಬಿದ್ದ ಮೇಲೆಯೇ, ಆದ್ದರಿಂದ ಎರಡು ದಿನಾಂಕಗಳ ಅಂತರ ವಾಡಿಕೆಯಾಗಿ ಕಿರಿದು. ಇನ್ನೊಂದು ತೊಡಕು ಪಂಚಾಂಗದ್ದು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ 1673ರ ಮಾರ್ಚ್ 12 ಎಂದು ಅಂದು ಬರೆದದ್ದು ನಮ್ಮ ಲೆಕ್ಕದ 1674ರ ಮಾರ್ಚ್. ಮುಂದೆ ಹೇಳಲಿರುವ ಜಾನ್ ವಿನ್ಸ್‌ಲೋ ಎಂಬಾತನ ಉಯಿಲಿನ ತಾರೀಕು ಇದೇ, ಅದು ರುಜುವಾತಾದದ್ದು 1674ರ ಮೇ 21ರಂದು. ಲೆಕ್ಕ ಗೊತ್ತಿಲ್ಲದವರು ಎರಡೇ ತಿಂಗಳ ಅಂತರವನ್ನು ಹದಿನಾಲ್ಕು ತಿಂಗಳೆಂದು ಎಣಿಸಿಬಿಡುತ್ತಾರೆ. ಭಾಷೆಯ ವಿಷಯಕ್ಕೆ ಬಂದರೆ, ಉಯಿಲು ಇಂಗ್ಲಿಷಿನಲ್ಲೇ ಇದ್ದರೂ ಕೆಳಗಡೆ ನ್ಯಾಯಾಲಯ ಸೇರಿಸುತ್ತಿದ್ದ ರುಜುವಾತಿನ ಒಕ್ಕಣೆ 1733ರವರೆಗೂ ಲ್ಯಾಟಿನ್ನಿನಲ್ಲಿ ಇರುತ್ತಿತ್ತು. ಓದುಗರು ಅದನ್ನು ಹಾರಿಸಿಬಿಡುವುದುಂಟು. ಯಾವ ನಿರ್ವಾಹಕ ಬಂದಿದ್ದ, ಯಾರು ಬಂದಿರಲಿಲ್ಲ ಎಂಬ ಮಾಹಿತಿ ಇರುವುದು ಅಲ್ಲಿಯೇ ಎಂಬುದನ್ನು ಥಾಮಸನ ಉಯಿಲಿನಲ್ಲಿ ನೋಡಿದೆವು.

ಸಂಬಂಧಗಳನ್ನು ಸೂಚಿಸುವ ಪದಗಳು ಇನ್ನೊಂದು ಅಪಾಯದ ಜಾಗ. ನಮ್ಮಲ್ಲಿ ಚಿಕ್ಕಪ್ಪನ ಮಗ, ಸೋದರಳಿಯ, ಮಲಮಗ, ಅಳಿಯ ಎಂದು ಒಂದೊಂದಕ್ಕೂ ಪ್ರತ್ಯೇಕ ಮಾತುಗಳಿವೆ. 17ನೆಯ ಶತಮಾನದ ಇಂಗ್ಲಿಷ್ ಉಯಿಲಿನಲ್ಲಿ ಕಸಿನ್ ಎಂದರೆ ಅಣ್ಣನ ಮಗಳೂ ಆಗಬಹುದು, ಅಕ್ಕನ ಮಗನೂ ಆಗಬಹುದು, ದೂರದ ನೆಂಟನೂ ಆಗಬಹುದು. ಸನ್ ಇನ್ ಲಾ ಎಂದರೆ ಅಳಿಯನಿಗೆ ಬದಲು ಹೆಂಡತಿಯ ಮೊದಲ ಗಂಡನ ಮಗನೂ ಇರಬಹುದು. ಬ್ರದರ್ ಎಂದು ಕರೆಸಿಕೊಂಡವನು ಭಾವಮೈದುನನಾಗಿರಬಹುದು, ಅಥವಾ ಒಂದೇ ಚರ್ಚಿನ ಸಹಧರ್ಮಿಯಾಗಿರಬಹುದು. ಕ್ಯಾಥರೀನ್‌ಳಂತೆ ಮೂರು ಬಾರಿ ಮದುವೆಯಾದವರ ಮನೆಗಳಲ್ಲಿ ಇಂತಹ ಒಂದು ಪದವನ್ನು ಇಂದಿನ ಅರ್ಥದಲ್ಲಿ ತೆಗೆದುಕೊಂಡರೆ ಇಡೀ ತಲೆಮಾರು ತಪ್ಪು ಕೊಂಬೆಗೆ ಹೋಗಿ ಸೇರುತ್ತದೆ. ನನ್ನ ಮಟ್ಟಿಗೆ ಇದಕ್ಕೆ ಇರುವ ಪರಿಹಾರ ಒಂದೇ: ಸಂಬಂಧ ಸೂಚಿಸುವ ಪದವನ್ನು ಮೂಲದಲ್ಲಿದ್ದಂತೆಯೇ ಬರೆದಿಟ್ಟುಕೊಂಡು, ಇನ್ನೊಂದು ದಾಖಲೆ ಅದನ್ನು ಖಚಿತಪಡಿಸುವವರೆಗೆ ವಂಶವೃಕ್ಷಕ್ಕೆ ಏರಿಸದಿರುವುದು.

ಉಯಿಲಿನ ಮೌನವನ್ನು ಅರ್ಥಮಾಡಿಕೊಳ್ಳುವುದು ಅದರ ಮಾತನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಕಷ್ಟ. ಒಬ್ಬ ಮಗನ ಹೆಸರು ಇಲ್ಲವೆಂದರೆ ಅವನು ಸತ್ತಿದ್ದ ಎಂದೋ ತಂದೆಗೆ ಅವನ ಮೇಲೆ ಕೋಪವಿತ್ತು ಎಂದೋ ಊಹಿಸುವುದು ಸುಲಭ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಉಯಿಲಿನಿಂದ ಬೇರೆಯವರಿಗೆ ಬಿಡದ ಜಮೀನು ಹಿರಿಯ ಮಗನಿಗೆ ತಾನಾಗಿಯೇ ಹೋಗುತ್ತಿತ್ತು. ಅವನನ್ನು ಉಯಿಲಿನಲ್ಲಿ ಹೆಸರಿಸಲೇಬೇಕಾದ ಅಗತ್ಯ ಇರಲಿಲ್ಲ. ಮದುವೆಯಲ್ಲಿ ತಮ್ಮ ಪಾಲು ಪಡೆದ ಹೆಣ್ಣುಮಕ್ಕಳನ್ನೂ, ಹಡಗಿನ ವೆಚ್ಚಕ್ಕೆ ಹಣ ಪಡೆದು ಹೊರಟುಹೋದ ಮಗನನ್ನೂ ಬಿಟ್ಟುಬಿಟ್ಟಿರಬಹುದು. ಒಂದು ಶಿಲ್ಲಿಂಗ್ ಮಾತ್ರ ಬರೆದಿದ್ದರೆ ಅದನ್ನು ಅವಮಾನವೆಂದು ಓದಬೇಕಾಗಿಲ್ಲ. ಇವನಿಗೆ ಸಲ್ಲಬೇಕಾದದ್ದು ಈಗಾಗಲೇ ಸಂದಿದೆ, ಮರೆತು ಬಿಟ್ಟದ್ದಲ್ಲ ಎಂದು ತೋರಿಸುವ ವಾಡಿಕೆಯೂ ಆಗಿರಬಹುದು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲವಾದ್ದರಿಂದ ಹೆಂಗಸರ ಉಯಿಲುಗಳೆಂದರೆ ಬಹುಮಟ್ಟಿಗೆ ವಿಧವೆಯರದು ಮತ್ತು ಮದುವೆಯಾಗದವರದು. ಸಂಖ್ಯೆಯಲ್ಲಿ ಕಡಿಮೆಯಾದರೂ ಕುಟುಂಬವನ್ನು ಹುಡುಕುವವರಿಗೆ ಇವು ಗಂಡಸರ ಉಯಿಲುಗಳಿಗಿಂತ ಬೆಲೆಯುಳ್ಳವು ಎಂಬುದು ನನ್ನ ಅಭಿಪ್ರಾಯ. ಗಂಡಸು ಜಮೀನು ಮತ್ತು ವ್ಯಾಪಾರವನ್ನು ಗಂಡುಮಕ್ಕಳಿಗೆ ಹಂಚಿ ಮುಗಿಸುತ್ತಾನೆ. ವಿಧವೆ ಬಟ್ಟೆಬರೆ, ಬೆಳ್ಳಿ ಪಾತ್ರೆ, ಹಾಸಿಗೆಗಳನ್ನು ಹೆಣ್ಣುಮಕ್ಕಳು, ಮೊಮ್ಮಕ್ಕಳು, ಗೆಳತಿಯರ ಹೆಸರು ಹಿಡಿದು ಕೊಡುತ್ತಾಳೆ.

ಇದಕ್ಕೆ ವಸಾಹತಿನ ಕಡೆಯಿಂದಲೇ ಒಂದು ಉದಾಹರಣೆ ಕೊಡಬಹುದು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಬಂದ ಮೇರಿ ಚಿಲ್ಟನ್ ಎಂಬ ಹುಡುಗಿ ಮೊದಲ ಚಳಿಗಾಲದೊಳಗೇ ತಂದೆತಾಯಿಯನ್ನು ಕಳೆದುಕೊಂಡಳು. ಮುಂದೆ ಜಾನ್ ವಿನ್ಸ್‌ಲೋ ಎಂಬ ವಲಸೆಗಾರನನ್ನು ಮದುವೆಯಾಗಿ ಹತ್ತು ಮಕ್ಕಳ ತಾಯಿಯಾದಳು. ಕುಟುಂಬ ಬಾಸ್ಟನ್ನಿಗೆ ಹೋಗಿ ವ್ಯಾಪಾರದಲ್ಲಿ ಏಳಿಗೆ ಕಂಡಿತು. ಗಂಡ ಸತ್ತ ಬಳಿಕ 1676ರ ಜುಲೈನಲ್ಲಿ ಆಕೆ ಉಯಿಲು ಬರೆಸಿದಳು, ಸಹಿಯ ಬದಲು ಗುರುತು ಹಾಕಿದಳು. 1679ರಲ್ಲಿ ಅದು ರುಜುವಾತಾಯಿತು. ಮಗಳು ಸಾರಾ ಮಿಡ್ಲ್‌ಕಾಟ್‌ಗೆ ತನ್ನ ಒಳ್ಳೆಯ ಗೌನು ಮತ್ತು ಬೆಳ್ಳಿಯ ಬಟ್ಟಲು, ಮಗಳು ಸುಸಾನ್ನಾ ಲೇಥಮ್‌ಗೆ ಉದ್ದದ ಮೇಜು ಮತ್ತು ದೊಡ್ಡ ಕಪಾಟು ಎಂದು ಆ ಉಯಿಲು ಹೇಳುತ್ತ ಹೋಗುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಗಂಡನ ಮನೆಯ ಹೆಸರುಗಳು ಹೀಗೆ ಒಂದೇ ಕಡೆ ದೊರೆಯುತ್ತವೆ. ಮೊಮ್ಮಗಳು ಆನ್ ಗ್ರೇ ಎಂಬ ಹೆಸರು ಇನ್ನೂ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಬದುಕಿದ್ದ ಹೆಣ್ಣುಮಕ್ಕಳಲ್ಲಿ ಗ್ರೇ ಮನೆಗೆ ಕೊಟ್ಟವರು ಯಾರೂ ಇಲ್ಲದಿರುವಾಗ ಗ್ರೇ ಎಂಬ ಮೊಮ್ಮಗಳು ಇದ್ದಾಳೆಂದರೆ, ಆ ಮನೆಗೆ ಸೊಸೆಯಾಗಿ ಹೋಗಿ ಉಯಿಲಿಗೆ ಮೊದಲೇ ತೀರಿಕೊಂಡ ಇನ್ನೊಬ್ಬ ಮಗಳು ಇದ್ದಿರಬೇಕು ಎಂಬ ಜಾಡು ಸಿಗುತ್ತದೆ. ಎಡ್ವರ್ಡ್ ಗ್ರೇ ಎಂಬವನನ್ನು 1651ರಲ್ಲಿ ಮದುವೆಯಾಗಿ 1663ರಲ್ಲಿ ತೀರಿಕೊಂಡ ಮಗಳು ಮೇರಿಯೇ ಆಕೆ.

ನ್ಯೂ ಇಂಗ್ಲೆಂಡಿನಲ್ಲಿ ಬಿಷಪ್ಪರು ಇರಲಿಲ್ಲ, ಚರ್ಚಿನ ನ್ಯಾಯಾಲಯಗಳೂ ಇರಲಿಲ್ಲ. ಉಯಿಲಿನ ವ್ಯವಹಾರವನ್ನು ಮೊದಲು ವಸಾಹತಿನ ಮತ್ತು ಕೌಂಟಿಯ ಸಾಮಾನ್ಯ ನ್ಯಾಯಾಲಯಗಳು ನೋಡಿಕೊಳ್ಳುತ್ತಿದ್ದವು. ಮ್ಯಾಸಚೂಸೆಟ್ಸ್‌ನಲ್ಲಿ 1692ರ ನಂತರ ಪ್ರತಿ ಕೌಂಟಿಗೂ ಪ್ರೊಬೇಟ್ ನ್ಯಾಯಾಧೀಶರು ಬಂದರು. ಹಾಗಾಗಿ ಅಲ್ಲಿ ಹುಡುಕಾಟ ಆರಂಭವಾಗುವುದು ಕೌಂಟಿಯಿಂದ: ಬಾಸ್ಟನ್ ಆದರೆ ಸಫೋಕ್, ಸೇಲಮ್ ಆದರೆ ಎಸೆಕ್ಸ್, ಚಾರ್ಲ್ಸ್‌ಟೌನ್ ಆದರೆ ಮಿಡ್ಲ್‌ಸೆಕ್ಸ್. ಉತ್ತರಾಧಿಕಾರದ ನಿಯಮವೂ ತಾಯ್ನಾಡಿನಂತಿರಲಿಲ್ಲ. ಉಯಿಲಿಲ್ಲದೆ ಸತ್ತವನ ಆಸ್ತಿಯಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಪಾಲು ಎಂಬ ಬೈಬಲ್ಲಿನ ಕ್ರಮವನ್ನು ಮ್ಯಾಸಚೂಸೆಟ್ಸ್ 1641ರಲ್ಲಿ ತನ್ನ ಕಾನೂನಾಗಿ ಮಾಡಿಕೊಂಡಿತು. ಇದು ವಂಶಾವಳಿಗೆ ತುಂಬ ಉಪಯುಕ್ತವಾದ ಸಂಗತಿ. ಆರು ಪಾಲುಗಳಾಗಿ ಹಂಚಿದ ಆಸ್ತಿಯಲ್ಲಿ ಒಬ್ಬನಿಗೆ ಎರಡು ಪಾಲು ಬಂದಿದ್ದರೆ ಅವನು ಹಿರಿಯ ಮಗ, ಒಟ್ಟು ಮಕ್ಕಳು ಐವರು ಎಂದು ಯಾರ ಜನನ ದಾಖಲೆಯೂ ಇಲ್ಲದೆ ಲೆಕ್ಕ ಹಾಕಬಹುದು.

ಉಯಿಲು ಸಿಗದಿದ್ದರೆ ನಿರಾಶರಾಗಿ ಹಿಂದಿರುಗುವವರು ಬಹಳ. ಉಯಿಲಿಲ್ಲದೆ ಸತ್ತವರ ಕಡತವೇ ಅನೇಕ ವೇಳೆ ಹೆಚ್ಚು ತುಂಬಿರುತ್ತದೆ. ಆಸ್ತಿಯನ್ನು ನಿರ್ವಹಿಸಲು ವಿಧವೆಗೋ ಹತ್ತಿರದ ಬಂಧುವಿಗೋ ನ್ಯಾಯಾಲಯ ಕೊಟ್ಟ ಅಧಿಕಾರಪತ್ರ, ಅದಕ್ಕೆ ಜಾಮೀನು ನಿಂತವರ ಹೆಸರುಗಳು, ಅಪ್ರಾಪ್ತ ಮಕ್ಕಳಿಗೆ ಪೋಷಕರನ್ನು ನೇಮಿಸಿದ ಆದೇಶ, ಕೊನೆಗೆ ಪಾಲು ಪಡೆದವರ ರಶೀದಿಗಳು ಅದರಲ್ಲಿ ಇರುತ್ತವೆ. ಹದಿನಾಲ್ಕು ತುಂಬಿದ ಮಗು ತನ್ನ ಪೋಷಕರನ್ನು ತಾನೇ ಆರಿಸಿಕೊಳ್ಳಬಹುದಾಗಿತ್ತು. ಆದ್ದರಿಂದ ತಾನೇ ಆರಿಸಿಕೊಂಡ ಮಗುವಿನ ವಯಸ್ಸು ಹದಿನಾಲ್ಕು ದಾಟಿತ್ತೆಂದು ತಿಳಿಯುತ್ತದೆ. ಹೆಂಡತಿಯ ಹಕ್ಕಿನಲ್ಲಿ ಪಾಲು ಪಡೆದೆ ಎಂದು ಅಳಿಯ ಬರೆದುಕೊಟ್ಟ ರಶೀದಿಯಿಂದ, ಬೇರೆಲ್ಲೂ ದಾಖಲಾಗದ ಮದುವೆ ಹೊರಬರುತ್ತದೆ. ಇವುಗಳ ಜೊತೆಗೆ ಆಸ್ತಿಪಟ್ಟಿ. ಇಂಗ್ಲೆಂಡಿನಲ್ಲಿ 1529ರ ಕಾಯಿದೆ ಇದನ್ನು ಕಡ್ಡಾಯ ಮಾಡಿತ್ತು, ವಸಾಹತಿನವರು ಅದೇ ಪದ್ಧತಿಯನ್ನು ಕೊಂಡೊಯ್ದರು. ನೆರೆಹೊರೆಯ ಇಬ್ಬರು ಮೂವರು ಮನೆಗೆ ಬಂದು ಕೋಣೆ ಕೋಣೆಯಲ್ಲಿದ್ದ ಹಾಸಿಗೆ, ಪಾತ್ರೆ, ದವಸ, ದನಕರು, ಪುಸ್ತಕಗಳಿಗೆ ಬೆಲೆ ಕಟ್ಟುತ್ತಿದ್ದರು. ಬೆಲೆ ಕಟ್ಟಿದವರ ಹೆಸರುಗಳನ್ನೂ ಬರೆದುಕೊಳ್ಳಬೇಕು, ಏಕೆಂದರೆ ಅವರಲ್ಲಿ ಬಂಧುಗಳು ಇರುವುದು ಅಪರೂಪವಲ್ಲ. ಸಾಲಗಳ ಪಟ್ಟಿಯಲ್ಲಿ ಇಂಗ್ಲೆಂಡಿನ ಯಾವುದೋ ಊರಿನ ವ್ಯಾಪಾರಿಯ ಹೆಸರು ಬಂದರೆ ವಲಸೆಗಾರನ ಹುಟ್ಟೂರಿನ ಮೊದಲ ಸುಳಿವು ಅದೇ ಆಗಿರಬಹುದು.

ಎಲ್ಲ ಕಡೆಯೂ ದಾಖಲೆಗಳು ಉಳಿದುಕೊಂಡಿಲ್ಲ. ನ್ಯೂ ಇಂಗ್ಲೆಂಡಿಗೆ ಅನೇಕರನ್ನು ಕಳುಹಿಸಿದ ಡೆವನ್ ಕೌಂಟಿಯ ಉಯಿಲುಗಳು ಎಕ್ಸೆಟರ್ ನಗರದ ಮೇಲೆ 1942ರಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ವರ್ಜೀನಿಯಾದ ಹಲವು ಕೌಂಟಿಗಳು ತಮ್ಮ ಪುಸ್ತಕಗಳನ್ನು ಸುರಕ್ಷಿತವಾಗಿರಲಿ ಎಂದು ರಿಚ್ಮಂಡ್‌ಗೆ ಕಳುಹಿಸಿದ್ದವು. 1865ರ ಏಪ್ರಿಲ್‌ನಲ್ಲಿ ಆ ನಗರಕ್ಕೆ ಬೆಂಕಿ ಬಿದ್ದಾಗ ಅವು ನಾಶವಾದವು. ಇಂತಹ ಕಡೆ ಮೇಲಿನ ನ್ಯಾಯಾಲಯಕ್ಕೆ ಹೋದ ಪ್ರತಿಗಳನ್ನು, ನಾಶಕ್ಕೆ ಮುಂಚೆ ಯಾರಾದರೂ ಮಾಡಿಟ್ಟ ಸಾರಾಂಶಗಳನ್ನು, ಉಯಿಲಿನ ಆಧಾರದ ಮೇಲೆ ಮುಂದೆ ಜಮೀನು ಮಾರಿದವರ ಕ್ರಯಪತ್ರಗಳನ್ನು ಹುಡುಕಬೇಕು. ಅಜ್ಜನಿಂದ ಉಯಿಲಿನ ಮೂಲಕ ಬಂದ ಜಮೀನು ಎಂದು ಮೊಮ್ಮಗ ಕ್ರಯಪತ್ರದಲ್ಲಿ ಬರೆದಿದ್ದರೆ ಸುಟ್ಟುಹೋದ ಉಯಿಲಿನ ಮುಖ್ಯ ಸಂಗತಿ ಮರಳಿ ದೊರೆತಂತೆಯೇ.

ಈ ದಾಖಲೆಗಳಲ್ಲಿ ವಲಸೆಗಾರರ ಕುಟುಂಬದವರಲ್ಲದೆ ಅವರ ಅಧೀನದಲ್ಲಿದ್ದ ಜನರೂ ಇದ್ದಾರೆ. ಜಾನ್ ವಿನ್ಸ್‌ಲೋ 1674ರ ತನ್ನ ಉಯಿಲಿನಲ್ಲಿ ಜೇನ್ ಎಂಬ ಕಪ್ಪು ಹುಡುಗಿಯ ಬಗ್ಗೆ ಬರೆಯುತ್ತಾನೆ: ಉಯಿಲಿನ ದಿನದಿಂದ ಇಪ್ಪತ್ತು ವರ್ಷ ಸೇವೆ ಮಾಡಿದ ಮೇಲೆ ಆಕೆ ಸ್ವತಂತ್ರಳು, ಅಲ್ಲಿಯವರೆಗೆ ಹೆಂಡತಿಯ ಬಳಿ ಇರಬೇಕು, ಹೆಂಡತಿ ತೀರಿಕೊಂಡರೆ ಮೇಲ್ವಿಚಾರಕರು ತಮಗೆ ತೋಚಿದಂತೆ ಆಕೆಯನ್ನು ವಿಲೇವಾರಿ ಮಾಡಬೇಕು. ಮೇಜು, ಕಪಾಟು, ಬಟ್ಟಲುಗಳನ್ನು ಹಂಚುವ ಅದೇ ಕಾಗದದ ಭಾಷೆ ಒಬ್ಬ ಮನುಷ್ಯಳ ಬದುಕಿನ ಇಪ್ಪತ್ತು ವರ್ಷಗಳನ್ನೂ ಹಂಚುತ್ತದೆ. ಗುಲಾಮರಾಗಿದ್ದವರ ವಂಶಜರು ತಮ್ಮ ಹಿರಿಯರನ್ನು ಹುಡುಕುವಾಗ ಯಜಮಾನರ ಉಯಿಲು ಮತ್ತು ಆಸ್ತಿಪಟ್ಟಿಗಳನ್ನು ಓದಲೇಬೇಕಾಗಿ ಬರುವುದು ಇದಕ್ಕಾಗಿಯೇ. ಬೇರೆ ಪುಸ್ತಕಗಳಲ್ಲಿ ಅವರ ಹೆಸರುಗಳನ್ನು ಬರೆದವರು ಕಡಿಮೆ. ಪ್ರಸಿದ್ಧ ವಲಸೆಗಾರರ ವಂಶಾವಳಿ ಬರೆಯುವವರು ಇಂತಹ ಸಾಲುಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ನಕಲು ಮಾಡಿಕೊಳ್ಳುವುದು ದೊಡ್ಡ ಅನ್ಯಾಯ.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಪ್ರಾಂತದ ಸೇವೆಯಲ್ಲಿದ್ದು ಬೆಂಗಳೂರಿನ ದಂಡಿನಂತಹ ಕಡೆಗಳಲ್ಲಿ ಸತ್ತ ಸೈನ್ಯಾಧಿಕಾರಿಗಳು ಮತ್ತು ವ್ಯಾಪಾರಿಗಳ ಉಯಿಲು, ಆಸ್ತಿಪಟ್ಟಿಗಳ ನಕಲುಗಳನ್ನು ಲಂಡನ್ನಿಗೆ ಕಳುಹಿಸಲಾಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಕಂಪನಿಯ ಕಾಲದ ಅನೇಕ ಉಯಿಲುಗಳಲ್ಲಿ ಭಾರತೀಯ ಸಂಗಾತಿಗೆ ತಿಂಗಳ ಜೀವನಾಂಶ, ಆಕೆಯಲ್ಲಿ ಹುಟ್ಟಿದ ಮಕ್ಕಳಿಗೆ ವಿದ್ಯಾಭ್ಯಾಸದ ವೆಚ್ಚ, ಸೇವಕರಿಗೆ ಬಾಕಿ ಸಂಬಳ ಎಂಬ ನಮೂದುಗಳು ಬರುತ್ತವೆ. ಮದುವೆಯ ದಾಖಲೆಯೇ ಇಲ್ಲದ ಆ ಸಂಬಂಧಗಳಿಗೆ ಉಳಿದಿರುವ ಬರಹದ ಪುರಾವೆ ಹಲವು ಸಲ ಅದೊಂದೇ.

ಜೇನ್‌ಳಂತಹವರನ್ನು ಮುಂದಕ್ಕೆ ಹುಡುಕುವಾಗಲೂ ಜಾನ್ ಹಾರ್ವರ್ಡ್‌ನ ವಿಷಯದಲ್ಲಿ ಫಲ ಕೊಟ್ಟ ಕ್ರಮವೇ ನೆರವಿಗೆ ಬರುತ್ತದೆ. ಆಕೆಗೆ ಮನೆತನದ ಹೆಸರು ಕೊಟ್ಟಿಲ್ಲವಾದ್ದರಿಂದ ಹೆಸರಿನ ಸೂಚಿಯಿಂದ ಪ್ರಯೋಜನವಿಲ್ಲ. ಆಸ್ತಿಯ ಹಿಂದೆ ಹೋಗಬೇಕು. ಗಂಡನ ಉಯಿಲಿನಿಂದ ಹೆಂಡತಿಯ ಉಯಿಲಿಗೆ, ಅಲ್ಲಿಂದ 1679ರ ಆಸ್ತಿಪಟ್ಟಿಗೆ, ಬಳಿಕ ಮೇಲ್ವಿಚಾರಕರ ಮತ್ತು ಮಕ್ಕಳ ಮನೆಗಳ ಪ್ರೊಬೇಟ್ ಕಡತಗಳಿಗೆ ದಾಟುತ್ತ, ಗಂಡನ ಮಾತಿನಂತೆ ಸೇವೆಯ ಅವಧಿ ಮುಗಿಯಬೇಕಾದ 1694ರ ಆಸುಪಾಸಿನ ಬಾಸ್ಟನ್ ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳಲ್ಲಿ ಜೇನ್ ಎಂಬ ಸ್ವತಂತ್ರ ಕಪ್ಪು ಹೆಂಗಸು ಇದ್ದಾಳೆಯೇ ಎಂದು ನೋಡಬೇಕು. ಸಿಕ್ಕರೂ ಅವಳೇ ಇವಳು ಎನ್ನಲು ವಾಟರ್ಸ್ ಅವರಿಗೆ ಗುತ್ತಿಗೆ ಪತ್ರದ ಸಹಿ ಸಿಕ್ಕಂತೆ ಇನ್ನೊಂದು ಸ್ವತಂತ್ರ ಪುರಾವೆ ಬೇಕು. ಅದು ದೊರೆಯುವವರೆಗೆ ಆ ಇಬ್ಬರನ್ನು ಬೇರೆ ಬೇರೆ ಹಾಳೆಗಳಲ್ಲೇ ಬರೆದಿಡುವುದು ಸರಿಯಾದ ಕ್ರಮ.